ನೀಲಿಗೆ ಬಿದ್ದ ಉಪ್ಪು

ಕಮಿಸಾವಾ, ಅಕಿತಾ
೨೩ ಮೇ ೨೦೧೯, ಗುರುವಾರ

ನನ್ನ ಮುದ್ದು ಮೊತೊಕಿ,

ಹೇಗಿದ್ದೀಯೋ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ, ಇಲ್ಲ ಅಂಗಡಿಯ ತಣ್ಣನೆ ಅನ್ನದುಂಡೆಯಲ್ಲೇ ದಿನ ದೂಡುತ್ತಿದ್ದೀಯಾ? ನಿನ್ನ ಹಾಗೆ ಲಿಫ್ಟ್ ರಿಪೇರಿ ಮಾಡುವವರು ಇಪ್ಪತ್ತು ಮೂವತ್ತು ಮಹಡಿ ಆಳದ ಬಾವಿಯಂಥ ಜಾಗಕ್ಕೆ ಇಳಿಯುತ್ತಾರೆ ಎಂದು ಟಿವಿಯಲ್ಲಿ ತೋರಿಸಿದರು. ಸೊಂಟಕ್ಕೆ ಬೆಲ್ಟು ಕಟ್ಟಿಕೊಳ್ಳದೆ ಇಳಿಯಬೇಡ. ನನ್ನ ಮಂಡಿ ಹಾಗೇ ಇದೆ, ಚಳಿಗಾಲದಲ್ಲಿ ಬೈದುಕೊಂಡು ನಡೆದೆ, ಈಗ ಬೈಯದೆ ನಡೆಯುತ್ತೇನೆ. ಕೆಳಗಿನ ಹಲ್ಲು ಎರಡು ಹೋದವು. ಹೊಗೆ ಹಿಡಿಸಿದ ಮೂಲಂಗಿ ಉಪ್ಪಿನಕಾಯಿ ಕಡಿಯಲಾರೆ, ಅದಕ್ಕೇ ನಿನ್ನ ಪಾಲಿನದೂ ಸೇರಿಸಿ ಕಟ್ಟಿಟ್ಟಿದ್ದೇನೆ, ಬೇರೆ ಪಾರ್ಸಲ್ಲಿನಲ್ಲಿ ಬರುತ್ತದೆ. ನಿನ್ನ ಅಪ್ಪ ಗಟ್ಟಿಮುಟ್ಟಾಗಿದ್ದಾನೆ. ಮಾತು ಮಾತ್ರ ಇನ್ನೂ ಕಡಿಮೆಯಾಗಿದೆ, ಹಿಂದೆಯೇ ಎಷ್ಟಿತ್ತೆಂದು ನಿನಗೆ ಗೊತ್ತಲ್ಲ. ನೀನು ಹೊಸವರ್ಷಕ್ಕೆ ಕಳಿಸುವ ಎರಡು ಸಾಲಿನ ಕಾರ್ಡನ್ನು ನಾನು ಓದಿ ಮೇಜಿನ ಮೇಲಿಡುತ್ತೇನೆ. ಮರುದಿನ ನೋಡಿದರೆ ಅದು ಬೇರೆ ಜಾಗದಲ್ಲಿರುತ್ತದೆ. ಮನೆಯಲ್ಲಿರುವವರು ನಾವಿಬ್ಬರೇ, ಸರಿಸಿದವರು ಯಾರೆಂದು ನೀನೇ ಲೆಕ್ಕ ಹಾಕು.

ಈ ಕಾಗದ ಬರೆಯಲು ಮೂರು ದಿನದಿಂದ ಕೂತೆದ್ದು ಮಾಡುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ತಾಳ್ಮೆಯಿಂದ ಓದು. ಮುದುಕಿಯರು ಮೊದಲಿನಿಂದ ಹೇಳದಿದ್ದರೆ ಅರ್ಧದಲ್ಲೇ ದಾರಿ ತಪ್ಪುತ್ತಾರೆ. ನಾಲ್ಕು ವರ್ಷದ ಹಿಂದಿನ ಆಗಸ್ಟ್‌ನ ಬಾಣಬಿರುಸಿನ ಸ್ಪರ್ಧೆಯ ಮಾತು. ನಮ್ಮ ಮನೆಯ ಬಿರುಸು ಎಂದರೆ ಬಂಗಾರದ ಬಣ್ಣ, ಕೆಂಪು ಬಣ್ಣ. ನಿನ್ನ ಮುತ್ತಜ್ಜನಿಂದ ಅದೇ ನಡೆದುಬಂದದ್ದು. ನೀಲಿ ಎಂದರೆ ಎಲ್ಲರೂ ಹೆದರುತ್ತಾರೆ, ಬೆಂಕಿ ಒಂದಿಷ್ಟು ಹೆಚ್ಚಾದರೂ ಆ ಬಣ್ಣ ಸತ್ತುಹೋಗುತ್ತದೆ. ನೀನು ಅದನ್ನೇ ಹಟ ಹಿಡಿದೆ. ಎರಡು ವರ್ಷ ತಾಮ್ರದ ಪುಡಿಯ ಜೊತೆ ಒದ್ದಾಡಿದೆ. ಬೀಜದಷ್ಟು ಕಾಳಿಗೆ ತೆಳ್ಳಗೆ ಮದ್ದು ಹಚ್ಚಿ, ಬಿಸಿಲಿಗೆ ಒಣಗಿಸಿ, ಮತ್ತೆ ಹಚ್ಚಿ, ಮತ್ತೆ ಒಣಗಿಸಿ, ದಿನಕ್ಕೊಂದೇ ಪದರ, ಹಾಗೆ ಬಿರುಸಿನ ಗುಂಡಿನೊಳಗೆ ತುಂಬುವ ಒಂದೊಂದು ಚುಕ್ಕಿಯನ್ನೂ ಉಂಡೆ ಕಟ್ಟಿದೆ. ಆ ರಾತ್ರಿ ನದಿಯ ಮೇಲೆ ನಿನ್ನ ಐದು ಗುಂಡುಗಳು ಒಡೆದವು. ನೀಲಿ ಬರಲಿಲ್ಲ. ಬಟ್ಟೆ ತೊಳೆದು ಚೆಲ್ಲುವ ನೀರಿನ ಬಣ್ಣ ಬಂತು. ಹತ್ತೂರ ಬಿರುಸಿನವರು ನಿಂತಿದ್ದ ಆ ದಂಡೆಯ ಮೇಲೆ ನಿನ್ನ ಅಪ್ಪ, "ನಿನ್ನ ಕೈಯೇ ಕೊಳಕು ಕಣೋ. ಈ ಕೈಯಿಂದ ನೀಲಿ ಹುಟ್ಟಲ್ಲ," ಅಂದ. ನಮ್ಮ ಕೆಲಸದಲ್ಲಿ ಇದಕ್ಕಿಂತ ಕೆಟ್ಟ ಬೈಗುಳ ಇಲ್ಲ. ಕಳ್ಳ ಅನ್ನಬಹುದು, ಸೋಮಾರಿ ಅನ್ನಬಹುದು, ಕೈ ಕೊಳಕು ಅನ್ನಬಾರದು. ಮರುದಿನ ಬೆಳಗಿನ ಬಸ್ಸಿಗೆ ನೀನು ಹೊರಟೆ. ನಾನು ಒಲೆಯ ಮುಂದೆ ಕೂತಿದ್ದೆ, ಎದ್ದು ಬಾಗಿಲಿಗೆ ಬರಲಿಲ್ಲ. ಬಂದಿದ್ದರೆ ಅತ್ತುಬಿಡುತ್ತಿದ್ದೆ.

ಈಗ ಹೊಸ ಸುದ್ದಿ. ನಿನ್ನ ಜೊತೆ ಓದಿದ ಫುಮಿಎ ನೆನಪಿದ್ದಾಳಲ್ಲ, ಅಕ್ಕಿ ಗಿರಣಿಯವರ ಮಗಳು, ನಿನ್ನ ಗಣಿತದ ಪುಸ್ತಕ ನೋಡಿ ನಕಲು ಹೊಡೆಯುತ್ತಿದ್ದವಳು. ಅವಳು ಈಗ ನಮ್ಮೂರ ಶಾಲೆಯಲ್ಲೇ ವಿಜ್ಞಾನದ ಮೇಡಂ. ಇನ್ನೂ ಮದುವೆಯಾಗಿಲ್ಲ, ಸುಮ್ಮನೆ ಹೇಳಿದೆ. ಏಪ್ರಿಲ್‌ನಲ್ಲಿ ಅವಳು ಮನೆಗೆ ಬಂದು, ಮಕ್ಕಳಿಗೆ ಬಣ್ಣದ ಪಾಠ ಮಾಡಬೇಕು, ಒಂದಿಷ್ಟು ಚುಕ್ಕಿಯ ಚೂರು ಕೊಡಿ ಎಂದು ಅಪ್ಪನನ್ನು ಕೇಳಿದಳು. ಅವನು ಕೆಂಪಿನದೊಂದು, ಬಂಗಾರದ್ದೊಂದು ಕೊಟ್ಟ. ಇವಳು ಬಿಡುವವಳಲ್ಲ, ಮೊತೊಕಿಯ ನೀಲಿಯದ್ದೂ ಬೇಕು ಅಂದಳು. ಆ ಹೆಸರನ್ನು ಈ ಮನೆಯಲ್ಲಿ ಗಟ್ಟಿಯಾಗಿ ಹೇಳಿ ನಾಲ್ಕು ವರ್ಷವಾಗಿತ್ತು. ಅಪ್ಪ ಮುಖ ಗಂಟು ಹಾಕಿಕೊಂಡು ಎದ್ದುಹೋದ. ಎಸೆದಿರುತ್ತಾನೆ ಎಂದು ನಾನು ಅಂದುಕೊಂಡಿದ್ದರೆ, ಡಬ್ಬಿಯ ಸಮೇತ ತಂದ. ಅವನೇ ಸಾಸಿವೆ ಕಾಳಿನಷ್ಟು ಕೆರೆದು ಕಾಗದದಲ್ಲಿ ಹಿಡಿದು ಅವಳ ಜೊತೆ ಶಾಲೆಗೆ ಹೋದ. ಮದ್ದನ್ನು ಬೇರೆಯವರ ಕೈಗೆ ಕೊಡುವವನಲ್ಲ ನೋಡು. ನಾನೂ ಹಿಂದೆಯೇ ಹೋದೆ. ಮನೆಯಲ್ಲಿ ಕೂತು ಮಾಡುವುದೇನಿತ್ತು.

ಅವಳ ಹತ್ತಿರ ಒಂದು ರಟ್ಟಿನ ಪೆಟ್ಟಿಗೆ ಇದೆ. ಒಂದು ಕಡೆ ಕೂದಲೆಳೆಯಂಥ ಸೀಳು, ಒಳಗೆ ಹಾಡಿನ ಸಿಡಿಯ ತುಂಡು. ಅದರಲ್ಲಿ ಕಣ್ಣಿಟ್ಟರೆ ಬೆಂಕಿಯ ಬೆಳಕು ಪಟ್ಟೆಪಟ್ಟೆಯಾಗಿ ಬಿಡಿಸಿಕೊಂಡು ಕಾಣುತ್ತದೆ. ನಿನ್ನ ಚುಕ್ಕಿಯ ಚೂರು ಹೊತ್ತಿಕೊಂಡಾಗ ನಾನೇ ನೋಡಿದೆ. ನೀಲಿ ಪಟ್ಟೆಗಳು ಇದ್ದವು ಮೊತೊಕಿ, ಇಲ್ಲದೆ ಇರಲಿಲ್ಲ. ಆದರೆ ಪಕ್ಕದಲ್ಲಿ ದಪ್ಪನೆಯ ಒಂದು ಹಳದಿ ಗೆರೆ, ಕಣ್ಣಿಗೆ ಚುಚ್ಚುವಂಥದ್ದು. ಫುಮಿಎ ನೋಡಿದವಳೇ, ಇದು ಉಪ್ಪು ಅಂದಳು. ಅಡುಗೆ ಉಪ್ಪಿನಲ್ಲಿರುವ ಸೋಡಿಯಂ ಅಂತೆ. ಆಮೇಲೆ ಅವಳಿಗೆ ಏನು ಹೊಳೆಯಿತೋ, ನೀನು ಬೆರೆಸಿ ಚುಕ್ಕಿಗೆ ಹಚ್ಚದೆ ಉಳಿಸಿದ್ದ ಒಣ ಮದ್ದು ಇದೆಯಾ ಎಂದು ಕೇಳಿದಳು. ಇತ್ತು. ಮೇಣ ಹಾಕಿ ಮುಚ್ಚಿದ ಸೀಸೆ, ಮೇಲೆ ನಿನ್ನ ಅಕ್ಷರದಲ್ಲಿ ತಾರೀಖು. ಅದರಲ್ಲಿ ಚಿಟಿಕೆಯಷ್ಟು ತಂದು ಸುಟ್ಟರೆ ಹಳದಿ ಗೆರೆ ಹೋಗಿಬಿಟ್ಟಿತ್ತು. ಪೂರ್ತಿ ಹೋಗಿರಲಿಲ್ಲ, ಸುಳ್ಳೇಕೆ ಹೇಳಲಿ, ಇದೆಯೋ ಇಲ್ಲವೋ ಎಂಬಂಥ ಗೆರೆ ಇತ್ತು, ಅಷ್ಟು ಉಪ್ಪು ಗಾಳಿಯ ಧೂಳಿನಲ್ಲೂ ಇರುತ್ತದಂತೆ. ಉಳಿದದ್ದೆಲ್ಲ ನೀಲಿ. ಎಂಥ ನೀಲಿ ಅದು ಮಗನೇ. ನಿನ್ನ ಅಪ್ಪ ಪೆಟ್ಟಿಗೆ ಇಸಿದುಕೊಂಡು ನೋಡಿದ, ಮತ್ತೊಂದು ಚಿಟಿಕೆ ಸುಡಿಸಿ ನೋಡಿದ, ಬೆಂಕಿ ಆರಿದ ಮೇಲೂ ಪೆಟ್ಟಿಗೆಯಿಂದ ಕಣ್ಣು ತೆಗೆಯಲಿಲ್ಲ. ಫುಮಿಎ ಅವನಿಗೆ ಕೇಳಿಸುವ ಹಾಗೆ ನನ್ನ ಕಡೆ ತಿರುಗಿ, "ಅಜ್ಜಿ, ಮೊತೊಕಿ ಕೈಯಲ್ಲಿ ಏನೂ ಕೊಳೆ ಇರ್ಲಿಲ್ಲ. ಮದ್ದು ಅವನ ಕೈ ದಾಟಿದ ಮೇಲೆ ಉಪ್ಪು ಸೇರಿದೆ," ಅಂದಳು. ಹುಡುಗಿಗೆ ಧೈರ್ಯ ಇದೆ.

ಉಪ್ಪಿಗೂ ನೀಲಿಗೂ ಎಂಥ ಜಗಳ ಎಂದು ನಾನು ಕೇಳಿದೆ. ಅವಳು ಕರಿಹಲಗೆಯ ಮೇಲೆ ಮೆಟ್ಟಿಲು ಬರೆದು ತೋರಿಸಿದಳು. ಒಂದೊಂದು ಪರಮಾಣುವಿನ ಒಳಗೂ ಎಲೆಕ್ಟ್ರಾನ್ ಎಂಬ ಸಣ್ಣ ಕಣಗಳು ಮೆಟ್ಟಿಲ ಮೇಲೆ ಕೂತಿರುತ್ತವಂತೆ. ಬೆಂಕಿಯ ಶಾಖ ತಾಗಿದರೆ ಮೇಲಿನ ಮೆಟ್ಟಿಲಿಗೆ ಹಾರುತ್ತವೆ. ಅಲ್ಲಿ ನಿಲ್ಲಲಾರವು, ತಕ್ಷಣ ಇಳಿಯುತ್ತವೆ, ಇಳಿಯುವಾಗ ಪಡೆದ ಶಾಖವನ್ನು ಬೆಳಕಾಗಿ ಬಿಟ್ಟುಕೊಡುತ್ತವೆ. ಮೆಟ್ಟಿಲಿನ ಎತ್ತರ ಎಷ್ಟೋ ಬಣ್ಣ ಅದರ ಪ್ರಕಾರ. ತಾಮ್ರ ಬೆಂಕಿಯಲ್ಲಿ ಮದ್ದಿನ ಇನ್ನೊಂದು ಧಾತುವನ್ನು ಜೊತೆಗಾರನ ಹಾಗೆ ಹಿಡಿದುಕೊಂಡಿರುವಷ್ಟು ಹೊತ್ತು ನೀಲಿ ಕೊಡುತ್ತದೆ, ಬೆಂಕಿ ಹೆಚ್ಚಾದರೆ ಕೈಬಿಟ್ಟು ಬಣ್ಣ ಕೆಡುತ್ತದೆ. ಉಪ್ಪಿನ ಸೋಡಿಯಂಗೆ ಆ ನಾಜೂಕು ಇಲ್ಲ. ಸ್ವಲ್ಪ ಬಿಸಿ ತಾಗಿದರೆ ಸಾಕು, ಹಾರಿ ಇಳಿದು ಹಳದಿ, ಹಾರಿ ಇಳಿದು ಹಳದಿ. ಮದುವೆ ಮನೆಯಲ್ಲಿ ಒಬ್ಬನೇ ಕಿರುಚಿ ಮಾತಾಡುತ್ತಿದ್ದರೆ ಉಳಿದವರ ಮಾತು ಕೇಳುವುದಿಲ್ಲವಲ್ಲ, ಹಾಗೆ. ನೀಲಿ ಹಳದಿ ಸೇರಿದರೆ ಹಸಿರಾಗಬೇಕಲ್ಲ ಎಂದು ನಾನು ಜಾಣತನ ತೋರಿಸಿದೆ. ಅದು ಬಣ್ಣದ ನೀರಿಗೆ ಅಜ್ಜಿ, ಬೆಳಕಿಗೆ ಬೆಳಕು ಸೇರಿದರೆ ಬಿಳಿಚಿಕೊಳ್ಳುತ್ತದೆ ಅಂದಳು. ನನಗೆ ಆ ರಾತ್ರಿಯ ನಿನ್ನ ಐದು ಗುಂಡುಗಳು ಕಣ್ಣ ಮುಂದೆ ಬಂದವು.

ಅಲ್ಲಿಂದ ನಿನ್ನ ಅಪ್ಪನಿಗೆ ಉಪ್ಪಿನ ಹುಚ್ಚು ಹಿಡಿಯಿತು. ಬಾವಿಯ ನೀರು ತೆಗೆದುಕೊಂಡು ಹೋಗಿ ಸುಡಿಸಿದ, ಅದರಲ್ಲಿಲ್ಲ. ಮದ್ದು ಅಂಟಿಸುವ ಅಕ್ಕಿ ಗಂಜಿ, ಅದರಲ್ಲಿಲ್ಲ. ಸಮುದ್ರದ ಗಾಳಿ ಇಷ್ಟು ದೂರ ಬರುತ್ತದೆಯೇ ಎಂದು ಕೇಳಿ ಫುಮಿಎಯ ಕೈಲಿ ನಗಿಸಿಕೊಂಡ. ಕೊನೆಗೆ ಚುಕ್ಕಿ ಹರಡಿ ಒಣಗಿಸುವ ಚಪ್ಪರದ ಹಲಗೆಯೊಂದರಿಂದ ಚಕ್ಕೆ ತೆಗೆದು ಸುಟ್ಟರೆ ಹಳದಿ ಭುಗಿಲೆಂದಿತು. ಮರದ ಹಲಗೆಗೆ ಉಪ್ಪು ಎಲ್ಲಿಂದ ಬಂತು ಎಂದು ಊಟಕ್ಕೆ ಕೂತಾಗಲೂ ಗೊಣಗುತ್ತಿದ್ದ. ನಾನು ಎದುರಿಗೆ ಕೂತು ಸೂಪು ಕುಡಿಯುತ್ತಿದ್ದೆ. ಹನ್ನೊಂದು ದಿನ ಹಾಗೇ ಸುಮ್ಮನೆ ಕೂತು ಸೂಪು ಕುಡಿದೆ.

ಮೊತೊಕಿ, ಉಪ್ಪು ಹಾಕಿದವಳು ನಾನು.

ನಿನ್ನ ಅಜ್ಜ ಮದ್ದು ಬೆರೆಸುವ ಗುಡಿಸಲಿನಲ್ಲಿ ಮದ್ದು ಸಿಡಿದು ತೀರಿಕೊಂಡಾಗ ನಿನ್ನ ಅಪ್ಪನಿಗೆ ಹದಿನಾರು. ಮನೆಗೆ ತರಲು ಹೆಚ್ಚೇನೂ ಸಿಗಲಿಲ್ಲ. ಮಣ್ಣು ಮುಗಿಸಿ ಬಂದವರ ಹೆಗಲಿಗೆ ಸಾವಿನ ಮೈಲಿಗೆ ಕಳೆಯಲೆಂದು ಹೊಸ್ತಿಲಲ್ಲಿ ಉಪ್ಪು ಎರಚುತ್ತೇವಲ್ಲ, ಆ ದಿನ ಎಲ್ಲರಿಗೂ ಎರಚಿ ಬಟ್ಟಲಲ್ಲಿ ಸ್ವಲ್ಪ ಉಳಿಯಿತು. ಅದನ್ನು ತೆಗೆದುಕೊಂಡು ಹೋಗಿ ಚಪ್ಪರದ ಸುತ್ತ ಚೆಲ್ಲಿದೆ, ಇನ್ನೊಬ್ಬನನ್ನು ಕೊಂಡೊಯ್ಯಬೇಡ ಎಂದು. ಮರುದಿನ ಬೆಳಿಗ್ಗೆಯೂ ಚೆಲ್ಲಿದೆ. ಮೂವತ್ತೆಂಟು ವರ್ಷ ಒಂದು ದಿನವೂ ತಪ್ಪಿಸಲಿಲ್ಲ, ನೀವೆಲ್ಲ ಏಳುವ ಮೊದಲೇ ಮುಗಿಸುತ್ತಿದ್ದೆ. ಬಾಗಿಲಿಗೆ, ಮೂಲೆಗೆ, ಹಲಗೆಯ ಮೇಲೂ ಒಂದು ಚಿಟಿಕೆ. ಅಪ್ಪನ ಬಂಗಾರಕ್ಕೆ ಅದು ತಾಗಲಿಲ್ಲ, ಆ ಬಣ್ಣವೇ ಹಳದಿಯ ನೆಂಟ, ಕೆಂಪು ಚಿಟಿಕೆ ಉಪ್ಪಿಗೆ ಸೋಲುವ ಬಣ್ಣವಲ್ಲ. ನೀನು ನಿನ್ನ ಹಲಗೆಗಳನ್ನು ಬೇರೆ ಇಟ್ಟುಕೊಂಡಾಗ ನನಗೆ ದಿಗಿಲಾಯಿತು. ಹೊಸ ಮದ್ದು, ಎಳೆಯ ಹುಡುಗ. ನಿನ್ನ ಹಲಗೆಗೆ ಒಂದು ಹಿಡಿಯನ್ನೇ ಹಾಕುತ್ತಿದ್ದೆ. ಒದ್ದೆ ಚುಕ್ಕಿಗಳು ಅದನ್ನು ಪದರ ಪದರವಾಗಿ ಹೀರಿಕೊಂಡಿವೆ. ನಿನ್ನ ಮೇಲಿನ ಪ್ರೀತಿಯಿಂದಲೇ ನಿನ್ನ ನೀಲಿಯನ್ನು ಕೊಂದೆ ಕಣೋ.

ಹೇಳಲು ಹನ್ನೊಂದು ದಿನ ಏಕೆ ಬೇಕಾಯಿತು ಎಂದರೆ, ನನಗೆ ನಾಚಿಕೆಗಿಂತ ಭಯ ಹೆಚ್ಚಿತ್ತು. ಹೇಳಿದರೆ ಉಪ್ಪು ನಿಲ್ಲಿಸಬೇಕು. ನಿಲ್ಲಿಸಿದ ಮರುದಿನವೇ ಏನಾದರೂ ಆದರೆ? ಮೂವತ್ತೆಂಟು ವರ್ಷ ಈ ಮನೆಯವರನ್ನು ನನ್ನ ಚಿಟಿಕೆಯೇ ಉಳಿಸಿದೆ ಎಂದು ನಂಬಿದವಳು ನಾನು. ಹನ್ನೆರಡನೆಯ ದಿನ ಬೆಳಿಗ್ಗೆ ಉಪ್ಪಿನ ಬಟ್ಟಲು ಹಿಡಿದು ಚಪ್ಪರಕ್ಕೆ ಹೋದೆ. ನಿನ್ನ ಅಪ್ಪ ಆಗಲೇ ಅಲ್ಲಿದ್ದ, ಮಂಡಿಯೂರಿ ಹಲಗೆ ಉಜ್ಜುತ್ತಿದ್ದ. ಬಟ್ಟಲನ್ನು ಅವನ ಮುಂದಿಟ್ಟು ಎಲ್ಲ ಹೇಳಿದೆ. ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಬಟ್ಟಲನ್ನು ಎತ್ತಿ ಚಪ್ಪರದ ಹೊರಗಿಟ್ಟ. ಆಮೇಲೆ, "ಅವ್ವಾ, ನೀನು ಉಪ್ಪು ಚೆಲ್ಲಿದೆ ಅಷ್ಟೆ. ಆ ಮಾತು ಆಡಿದ್ದು ನಾನಲ್ವಾ," ಅಂದ. ಅಷ್ಟು ಹೇಳಿ ಮತ್ತೆ ಉಜ್ಜಲು ಶುರುಮಾಡಿದ. ತನ್ನ ಅಪ್ಪ ಸತ್ತ ದಿನವೂ ಅಳದ ಮಗ ಅವನು, ಅವತ್ತು ನಾನು ಕಂಡದ್ದನ್ನು ನಿನಗೆ ಬರೆದಿದ್ದೇನೆಂದು ಅವನಿಗೆ ಹೇಳಬೇಡ.

ಈಗ ಹಲಗೆಗಳನ್ನೆಲ್ಲ ಕುದಿಯುವ ನೀರಲ್ಲಿ ಮೂರು ಸಲ ತೊಳೆದಿದ್ದಾನೆ, ನಿನ್ನವಂತೂ ಹೊಸ ಸೀಡರ್ ಮರದ್ದೇ ಮಾಡಿಸಿದ್ದಾನೆ. ಉಪ್ಪು ಅಡುಗೆಮನೆಯಲ್ಲಿ ಮಾತ್ರ. ಫುಮಿಎ ನನಗೆ ಸಮಾಧಾನ ಹೇಳಲು ಬಂದು ಇನ್ನಷ್ಟು ಉರಿಸಿದಳು. ಮದ್ದಿನ ಗುಡಿಸಲಿನ ಒಳಗೆ ಹೋಗುವ ಮುಂಚೆ ನಾವೆಲ್ಲ ಮುಟ್ಟುವ ಆ ತಾಮ್ರದ ತಗಡು ಇದೆಯಲ್ಲ, ನಮ್ಮನ್ನು ಕಾಪಾಡುತ್ತಿರುವುದು ಅದಂತೆ. ಬಟ್ಟೆ ಉಜ್ಜಿದಾಗ ಮೈಮೇಲೆ ಸೇರುವ ಎಲೆಕ್ಟ್ರಾನ್‌ಗಳು ಕಿಡಿಯಾಗಿ ಹಾರದೆ ಆ ತಗಡಿನ ಮೂಲಕ ನೆಲಕ್ಕಿಳಿದು ಹೋಗುತ್ತವೆ, ಅಜ್ಜ ಹೋದ ಮೇಲೆ ಅಪ್ಪ ಅದನ್ನು ಹಾಕಿಸಿದ್ದೇ ಒಳ್ಳೆಯದಾಯಿತು ಅಂದಳು. ನನ್ನ ಮೂವತ್ತೆಂಟು ವರ್ಷದ ದುಡಿಮೆಯ ಪುಣ್ಯವನ್ನೆಲ್ಲ ಒಂದು ತಗಡಿಗೆ ಕೊಟ್ಟುಬಿಟ್ಟಳು ನೋಡು. ಎರಡು ದಿನ ಅವಳ ಜೊತೆ ಮಾತು ಬಿಟ್ಟೆ. ಈಗ ಬೆಳಿಗ್ಗೆ ಎದ್ದು ಆ ತಗಡನ್ನೇ ಹುಳಿ ಪ್ಲಮ್ಮಿನ ರಸ ಹಚ್ಚಿ ಫಳಫಳ ಉಜ್ಜುತ್ತೇನೆ, ಸೋಡಿಯಂ ಇರಬಾರದೆಂದು ಉಪ್ಪಿನಲ್ಲಿ ಹಾಕಿಡದ ಹಣ್ಣನ್ನೇ ಹುಡುಕಿ ತರುತ್ತೇನೆ. ಕೈ ಮುಗಿದು ನಿನ್ನ ಹೆಸರನ್ನೂ ಹೇಳುತ್ತೇನೆ. ಒಂದು ತಿಂಗಳಾಯಿತು, ಏನೂ ಆಗಿಲ್ಲ. ನಿದ್ದೆಯೂ ಬರುತ್ತಿದೆ.

ನಿನ್ನಲ್ಲಿ ಕ್ಷಮೆ ಕೇಳಲು ಎಷ್ಟು ಸಲ ಬರೆದು ಹರಿದೆನೋ. ಅಜ್ಜಿ ಮೊಮ್ಮಗನಿಗೆ ಕ್ಷಮೆ ಕೇಳುವ ಮಾತು ನನ್ನ ಬಾಯಿಗೆ ಅಭ್ಯಾಸವಿಲ್ಲ. ತಪ್ಪಾಯಿತು ಮೊತೊಕಿ. ನಿನ್ನ ನಾಲ್ಕು ವರ್ಷ ನನ್ನಿಂದ ಹೋಯಿತು. ನಿನ್ನ ಕೈ ಯಾವತ್ತೂ ಶುದ್ಧವಾಗಿಯೇ ಇತ್ತು, ಇದನ್ನು ನಾನು ಊರಿನಲ್ಲಿ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದೇನೆ, ಮೀನಿನ ಅಂಗಡಿಯವಳಿಗೆ ಎರಡು ಸಲ ಹೇಳಿದೆ. ಲಿಫ್ಟಿನ ಕೆಲಸವೇ ನಿನಗೆ ಹಿತವೆನಿಸಿದರೆ ಅದನ್ನೇ ಮಾಡು, ಯಾರೂ ಒತ್ತಾಯ ಮಾಡುವುದಿಲ್ಲ. ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ, ಹಸಿವು ನಿದ್ದೆ ಚೆನ್ನಾಗಿರಲಿ, ನನ್ನ ಆಯಸ್ಸಿನಲ್ಲಿ ಉಳಿದದ್ದು ನಿನಗೆ ಸೇರಲಿ.

ನಿನ್ನ ಅಜ್ಜಿ,
ಕಿನು

ಕಡೆಗೊಂದು: ಲಕೋಟೆ ಅಂಟಿಸುವಾಗ ನಿನ್ನ ಅಪ್ಪ ಬಂದು ಒಂದು ಕಾಗದ ಮೇಜಿನ ಮೇಲಿಟ್ಟು, ಇದನ್ನೂ ಹಾಕು ಎಂದು ಹೇಳಿ ಹೋದ. ಕಾಗದ ಬರೆಯುತ್ತಿರುವುದು ಅವನಿಗೆ ಹೇಗೆ ಗೊತ್ತಾಯಿತೋ. ಆಗಸ್ಟ್ ಸ್ಪರ್ಧೆಯ ಅರ್ಜಿ ಅದು, ಕನ್ನಡಕ ಹಾಕಿ ಓದಿದೆ. ಬಣ್ಣ ಎಂಬಲ್ಲಿ ನೀಲಿ. ತಯಾರಕ ಎಂಬಲ್ಲಿ ಕುಸಾಕಾ ಮೊತೊಕಿ. ಸಹಾಯಕ ಎಂಬಲ್ಲಿ ಕುಸಾಕಾ ಶಿಗೆಯೋಶಿ, ತನ್ನ ಹೆಸರನ್ನು ತಾನೇ ಬರೆದು ಮೊಹರು ಒತ್ತಿದ್ದಾನೆ. ತಯಾರಕನ ಮೊಹರಿನ ಜಾಗ ಖಾಲಿ ಇದೆ, ಅದನ್ನು ನೀನೇ ಒತ್ತಬೇಕಂತೆ. ಜೂನ್ ಹತ್ತು ಕಡೆಯ ದಿನ. ಮಳೆ ಹಿಡಿಯುವುದರೊಳಗೆ ಮೊದಲ ಪದರಗಳು ಒಣಗಬೇಕು ಎಂದು ಸಹಾಯಕರು ಹೇಳುತ್ತಿದ್ದಾರೆ.