ಶಾಸ್ತ್ರಕ್ಕೆಂದು ಕೊಟ್ಟ ಮಗಳು

ದೇವರಾಯಸಮುದ್ರ
ಮಾಘ ಮಾಸ, ಶನಿವಾರ

ಗೌನಿಪಲ್ಲಿ ಕೋದಂಡರಾಮಪ್ಪನವರ ಮಗಳು ಚಿ. ಸೌ. ಪದ್ಮಶ್ರೀಗೆ, ಆದಿಲಕ್ಷ್ಮಮ್ಮ ಮಾಡುವ ಆಶೀರ್ವಾದ.

ಇವತ್ತು ಶನಿವಾರ, ನನಗೆ ಒಪ್ಪೊತ್ತು. ಬೆಳಿಗ್ಗೆ ಕೊಟ್ಟಿಗೆ ಬಾಚಿ, ಹಾಲು ಕರೆದು ಡೈರಿಗೆ ಹಾಕಿ, ರೇಷ್ಮೆ ಹುಳಕ್ಕೆ ಒಂದು ಸಲ ಸೊಪ್ಪು ಕೊಟ್ಟು ಬಂದೆ. ಸ್ನಾನ ಮಾಡಿ ವೆಂಕಟರಮಣನಿಗೆ ತುಳಸಿ ಏರಿಸಿ ದೀಪದ ಮುಂದೆಯೇ ಕೂತು ಬರೆಯುತ್ತಿದ್ದೇನೆ. ದೇವರ ಮುಂದೆ ಕೂತರೆ ಬರೆಯಬಾರದ್ದನ್ನು ಕೈ ಬರೆಯಲಾರದು ಎಂದು.

ಮೇಲೆ ಬರೆದಿರುವುದನ್ನು ನೋಡಿ ನಿನಗೆ ಹೊಟ್ಟೆ ಉರಿದಿರುತ್ತದೆ. ಹೆತ್ತವಳೇ ಮಗಳನ್ನು ಇನ್ನೊಬ್ಬರ ಮಗಳೆಂದು ಬರೆಯುತ್ತಾಳಲ್ಲ ಎಂದು. ಏನು ಮಾಡಲಿ, ಕೊಟ್ಟಿದ್ದೇನೆ. ಗಂಗಮ್ಮನ ಗುಡಿಯಲ್ಲಿ ನೀರು ಬಿಟ್ಟು ಕೊಟ್ಟಿದ್ದೇನೆ. ನಮ್ಮಮ್ಮ ಫೋನ್ ಯಾಕೆ ಎತ್ತುವುದಿಲ್ಲ ಎಂದು ಟೊಮೇಟೊ ಗಾಡಿಯ ಆಂಜಿನಪ್ಪನ ಹತ್ತಿರ ಕೇಳಿದೆಯಂತೆ. ಫೋನಿನಲ್ಲಿ ನೀನು ಅಮ್ಮಾ ಎಂದರೆ ನನ್ನ ಬಾಯಿ ತಾನೇ ಓ ಎನ್ನುತ್ತದೆ. ಕಾಗದದಲ್ಲಾದರೆ ತಡೆದು ತಡೆದು ಬರೆಯಬಹುದು.

ಗುರುವಾರ ಗಂಡ ಕದಿರೇಶನ ಜೊತೆ ಬಸ್ಸು ಹತ್ತಿ ಬರುತ್ತೇನೆ, ಬಾಣಂತನ ದೇವರಾಯಸಮುದ್ರದಲ್ಲೇ ಆಗಬೇಕು ಎಂದು ಆಂಜಿನಪ್ಪನ ಕೈಯಲ್ಲೇ ಹೇಳಿ ಕಳಿಸಿದ್ದೀಯ. ಬೇಡ ಪದ್ಮಿ. ಬರಬೇಡ. ಗೌನಿಪಲ್ಲಿಗೆ ಹೋಗು. ಅದೇ ನಿನ್ನ ತವರು. ಇಷ್ಟು ಹೇಳಲಿಕ್ಕೇ ಈ ಕಾಗದ. ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು, ಆದರೆ ಇಷ್ಟನ್ನೇ ಓದಿದರೆ ನೀನು ಇನ್ನೂ ಹಟ ಹಿಡಿಯುತ್ತೀಯ.

ನೀನು ಮಾಲೂರಿನ ಕಂಪನಿಗೆ ಸೇರಿ ಹಾಸ್ಟೆಲಿನಲ್ಲಿದ್ದಾಗ ಒಂದು ಭಾನುವಾರ ನಿನ್ನ ಚೀಲದಲ್ಲಿ ನಮ್ಮದಲ್ಲದ ಒಂದು ಸ್ಟೀಲು ಡಬ್ಬಿ ಸಿಕ್ಕಿತು. ತಳದಲ್ಲಿ ದೊಡ್ಡಗಂಗಮ್ಮ ಎಂದು ಹೆಸರು ಕೆತ್ತಿಸಿತ್ತು. "ಯಾರ್ದೇ ಇದು?" ಎಂದೆ. "ಫ್ರೆಂಡ್‌ದು ಕಣಮ್ಮ" ಎಂದೆ ನೀನು. "ನಿನ್ ಫ್ರೆಂಡ್ ಹೆಸರು ದೊಡ್ಡಗಂಗಮ್ಮನಾ? ಅಷ್ಟು ವಯಸ್ಸಾದೋರನ್ನೂ ತಗೊಂತಾರೇನೇ ನಿಮ್ ಕಂಪನೀಲಿ?" ಎಂದು ಕೇಳಿದ್ದಕ್ಕೆ, ತೊಳೆದ ಡಬ್ಬಿಯನ್ನೇ ಮತ್ತೆ ತೊಳೆಯಲು ಹಿತ್ತಲಿಗೆ ಓಡಿದೆ. ನನಗೆ ಆಗಲೇ ಗೊತ್ತಾಯಿತು.

ಕಂಡವರ ಮನೆ ಪಾತ್ರೆಯನ್ನು ಖಾಲಿ ಕಳಿಸಬಾರದು ಎಂದು ಕಜ್ಜಾಯ ತುಂಬಿ ಕಳಿಸಿದೆ. ಮುಂದಿನ ವಾರ ಅದರ ತುಂಬ ಹುರಿದ ಅವರೆಬೇಳೆ ಬಂತು. ಜೊತೆಗೆ ಒಂದು ಮಾತೂ ಬಂತು, "ಕಜ್ಜಾಯಕ್ಕೆ ಪಾಕ ಒಂಚೂರು ಜಾಸ್ತಿ ಆಗಿತ್ತಂತೆ, ಹೇಳು ನಿಮ್ಮಮ್ಮಂಗೆ" ಎಂದು. ನನಗೆ ಕೋಪ ಬರಲಿಲ್ಲ, ನಗು ಬಂತು. ಅವರೆಬೇಳೆಗೆ ಉಪ್ಪು ಸಾಲದೆಂದು ನಾನೂ ಹೇಳಿ ಕಳಿಸಿದೆ. ಹೀಗೆ ಅವರೆಕಾಯಿ ಕಾಲ ಮುಗಿಯುವ ಹೊತ್ತಿಗೆ ನಾನೂ ದೊಡ್ಡಗಂಗಮ್ಮನವರೂ ಮುಖ ನೋಡದೆಯೇ ಒಬ್ಬರ ಕೈರುಚಿ ಒಬ್ಬರು ತಿಳಿದುಕೊಂಡಿದ್ದೆವು. ಆಮೇಲೆ ತಾನೇ ನೀನು ಬಾಯಿ ಬಿಟ್ಟದ್ದು. ಕಂಪನಿಯ ಊಟ ಸೇರದೆ ನೀನು ವಾಂತಿ ಮಾಡಿಕೊಂಡ ದಿನ ಕದಿರೇಶ ತನ್ನ ಡಬ್ಬಿ ನಿನ್ನ ಮುಂದಿಟ್ಟು, ತಾನು ಅಂಗಡಿಯ ಬನ್ನು ತಿಂದನಂತೆ. ಮರುದಿನದಿಂದ ಅವನ ತಾಯಿಯೇ ಎರಡು ಡಬ್ಬಿ ಕಟ್ಟತೊಡಗಿದರಂತೆ. ಅಂಥ ಮನೆಗೆ ಯಾವ ತಾಯಿ ಬೇಡವೆನ್ನುತ್ತಾಳೆ?

ನಾವು ಹೆಂಗಸರು ಉಪ್ಪು ಹುಳಿ ವಿಚಾರಿಸಿಕೊಂಡೆವು. ಕುಲದ ಬೆಡಗು ಕೇಳುವುದು ಗಂಡಸರ ಕೆಲಸ. ಅವರ ಮನೆದೇವರು ಕದಿರಿ ನರಸಿಂಹ, ನಮ್ಮದು ತಿರುಪತಿ, ದೇವರು ಬೇರೆಯಾದ ಮೇಲೆ ಬೆಡಗೂ ಬೇರೆ ಇರುತ್ತದೆ ಎಂದು ನಮ್ಮ ಯಜಮಾನರು ಸುಮ್ಮನಾದರು. ಅವರ ಕಡೆಯವರೂ ಹಾಗೇ ಅಂದುಕೊಂಡರಂತೆ.

ಲಗ್ನಪತ್ರಿಕೆ ಬರೆಯುವ ದಿನ ನಮ್ಮ ಅಂಗಳ ತುಂಬ ಜನ. ಅವರ ಕಡೆಯ ಹಿರಿಯ ವೆಂಕಟರಾಯಪ್ಪನವರು ಎಲೆಗೆ ಸುಣ್ಣ ಹಚ್ಚುತ್ತಾ, "ನಿಮ್ದು ಯಾವ ಬೆಡಗಪ್ಪಾ?" ಎಂದು ಮಾತಿಗೆ ಕೇಳಿದರು. ಯಜಮಾನರು ಹೇಳಿದರು. ಮುದುಕರು ಎಲೆಯನ್ನು ತಟ್ಟೆಯಲ್ಲಿಟ್ಟುಬಿಟ್ಟರು. "ಅಯ್ಯೋ ರಾಮ, ನಮ್ದೂ ಅದೇ ಕದಯ್ಯಾ! ಅಣ್ಣತಮ್ಮಂದಿರ ಮಕ್ಕಳಿಗೆ ಯಾರಾದ್ರೂ ಲಗ್ನ ಬರೀತಾರಾ?" ಎಂದರು. ಒಂದೇ ಬೆಡಗೆಂದರೆ ಒಂದೇ ರಕ್ತ, ನೀನೂ ಅವನೂ ಅಣ್ಣತಂಗಿಯ ಲೆಕ್ಕ. ಅಡಿಗೆ ಮಾಡಿದ್ದು ಮಾಡಿದ ಹಾಗೇ ಉಳಿಯಿತು. ಹೋಗುವಾಗ ದೊಡ್ಡಗಂಗಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದು, ಬಿಟ್ಟು ಹೋದರು.

ಆಮೇಲೆ ನೀನು ಊಟ ಬಿಟ್ಟೆ, ಮಾತು ಬಿಟ್ಟೆ. ಅತ್ತ ಮಾಲೂರಿನಲ್ಲಿ ಅವನೂ ಹಾಗೇ. ದಾರಿ ತೋರಿಸಿದ್ದೂ ಅದೇ ವೆಂಕಟರಾಯಪ್ಪನವರೇ. ಹುಡುಗಿಯನ್ನು ಸೋದರಮಾವನಿಗೆ ದತ್ತು ಕೊಟ್ಟುಬಿಡಿ, ಅವಳ ಬೆಡಗು ಬದಲಾಗುತ್ತದೆ, ಧಾರೆ ಅವರೇ ಎರೆಯಲಿ ಎಂದರು. ನಾನು ಅಳುತ್ತಿದ್ದುದನ್ನು ನೋಡಿ, "ಶಾಸ್ತ್ರಕ್ಕೆ ಕಣಮ್ಮಾ, ಒಂದ್ ಗಳಿಗೆ ಕೆಲಸ. ನಿನ್ ಮಗಳು ಎಲ್ ಹೋಗ್ತಾಳೆ?" ಎಂದರು. ಆ ಮಾತನ್ನು ನಂಬಿಕೊಂಡೆ.

ಗಂಗಮ್ಮನ ಗುಡಿಯಲ್ಲಿ ನನ್ನ ತಮ್ಮ ಕೋದಂಡರಾಮಪ್ಪನೂ ಅವನ ಹೆಂಡತಿ ಅನಸೂಯಮ್ಮನೂ ಮಣೆಯ ಮೇಲೆ ಕೂತರು. ಇಷ್ಟೆತ್ತರ ಬೆಳೆದ ನಿನ್ನನ್ನು ಅವಳ ತೊಡೆಯ ಮೇಲೆ ಕೂರಿಸಿ ನಾವಿಬ್ಬರೂ ನೀರು ಬಿಟ್ಟೆವು. "ಏನ್ ಹಾಕಿ ಸಾಕಿದ್ಯೇ ಅತ್ತಿಗೆ ನಿನ್ ಮಗಳನ್ನ, ನನ್ ಮೊಳಕಾಲೇ ಹೋಯ್ತು!" ಎಂದು ಅನಸೂಯಮ್ಮ ಕೂಗಿದಳು, ಎಲ್ಲರೂ ನಕ್ಕರು. ಪೂಜಾರಿ ಮಾತ್ರ ನಗಲಿಲ್ಲ. "ಈಗ ನನ್ನ ಮಗಳು ಅನ್ನಬೇಕಮ್ಮ ನೀನು, ನೀರು ಬಿಟ್ಟಾಯ್ತು" ಎಂದು ಅವಳಿಗೆ ಹೇಳಿದರು. ಆ ಕ್ಷಣಕ್ಕೆ ಅವಳು ನಿನಗೆ ಅಮ್ಮನಾದಳು, ನಾನು ಅಪ್ಪನ ಅಕ್ಕನಾದೆ. ನಿನ್ನ ಸೋದರತ್ತೆ. ಗುಡಿಯಿಂದ ಬರುವಾಗ ನೀನು ನನ್ನ ಸೆರಗು ಹಿಡಿದುಕೊಂಡೇ ನಡೆದೆ. ಬಿಡಿಸಿಕೊಳ್ಳಬೇಕೋ ಬೇಡವೋ ನನಗೆ ತಿಳಿಯಲಿಲ್ಲ.

ಕೋಲಾರದ ಛತ್ರದಲ್ಲಿ ಮದುವೆಯಾಯಿತು. ಲಗ್ನಪತ್ರಿಕೆಯಲ್ಲಿ ತಮ್ಮನದೂ ಅನಸೂಯಮ್ಮನದೂ ಹೆಸರು. ಹೆತ್ತವಳ ನೆರಳು ಮಂಟಪದ ಮೇಲೆ ಬೀಳಬಾರದು ಎಂದು ಯಾರೋ ಅಂದರು. ನಾನು ಬಾಗಿಲಲ್ಲಿ ನಿಂತು ಬಂದವರಿಗೆ ಅರಿಶಿನ ಕುಂಕುಮ ಕೊಟ್ಟೆ. ಗೊತ್ತಿಲ್ಲದ ಒಬ್ಬಾಕೆ ಹೂವಿನ ತಟ್ಟೆ ತಗೊಂಡು, "ನೀವು ಹೆಣ್ಣಿಗೆ ಏನಾಗ್ಬೇಕು?" ಎಂದು ಕೇಳಿದಳು. "ಅತ್ತೆ" ಎಂದೆ. ಆ ಮಾತು ಬಾಯಿಗೆ ಬಂದದ್ದು ಅದೇ ಮೊದಲನೇ ಸಲ. ನಮ್ಮ ಯಜಮಾನರು ಅಡಿಗೆಯವರ ಹಿಂದೆ ಹೋಗಿ ಸೌದೆ ಜೋಡಿಸುತ್ತಾ ಕೂತಿದ್ದರು. ಓಲಗದವರು ಮುಂದೆ ಬಂದು ನಿಂತಿದ್ದರಿಂದ ಧಾರೆ ಎರೆದದ್ದು ನನಗೆ ಸರಿಯಾಗಿ ಕಾಣಲಿಲ್ಲ, ಕದಿರೇಶನ ಪೇಟ ಮಾತ್ರ ಕಂಡಿತು. ಅವನು ತಾಳಿ ಕಟ್ಟಿ, ಜನರ ನಡುವೆ ನನ್ನನ್ನು ಹುಡುಕಿ, ಕೂತಲ್ಲಿಂದಲೇ ತಲೆ ಬಗ್ಗಿಸಿದ. ಅಷ್ಟು ಸಾಕಾಯಿತು ನನಗೆ. ನೀವಿಬ್ಬರೂ ಅಷ್ಟು ಚೆನ್ನಾಗಿ ಕಾಣುತ್ತಿದ್ದಿರಿ.

ಕಳಿಸಿಕೊಡುವಾಗ ನೀನು ಕಾರಿನ ಹತ್ತಿರ ತಿರುಗಿ ಅಮ್ಮಾ ಎಂದು ಕೂಗಿದೆ. ಅನಸೂಯಮ್ಮನೂ ಎದ್ದಳು, ನಾನೂ ಎದ್ದೆ. ಎಲ್ಲರೂ ನನ್ನನ್ನೇ ನೋಡಿದರು. ಸೆರಗು ಸರಿಮಾಡಿಕೊಳ್ಳಲು ಎದ್ದವಳ ಹಾಗೆ ಸರಿಮಾಡಿಕೊಂಡು ಕೂತುಬಿಟ್ಟೆ.

ಶಾಸ್ತ್ರ ಮುಗಿಯಿತಲ್ಲ, ಇನ್ನು ಎಲ್ಲ ಮೊದಲಿನ ಹಾಗೆ ಎಂದು ತಿಳಿದಿದ್ದೆ. ಅದಕ್ಕೇ ಮೊದಲ ಗೌರಿ ಹಬ್ಬಕ್ಕೆ ನಿನ್ನನ್ನು ಇಲ್ಲಿಗೇ ಕರೆಸಿದೆ, ಮರದಬಾಗಿನ ಕೊಟ್ಟೆ. ಆಗ ನಿನಗೆ ಮೊದಲ ಬಸಿರು, ಎಳೆಯದು. ಕೈತುತ್ತು ಕೊಟ್ಟೆ. ಹಬ್ಬ ಕಳೆದ ವಾರದಲ್ಲೇ ಅದು ಹೋಯಿತು.

ಥೈರಾಯ್ಡ್ ಎಂದು ಡಾಕ್ಟರು ಹೇಳಿದರು ಎನ್ನುತ್ತೀಯ. ಇರಬಹುದು. ಅವರು ಓದಿದವರು, ನಾನು ಏಳನೇ ಕ್ಲಾಸು. ಆದರೆ ದೊಡ್ಡಗಂಗಮ್ಮನವರು ಒಬ್ಬರೇ ಬಸ್ಸು ಹತ್ತಿ ನಮ್ಮ ಮನೆಗೆ ಬಂದದ್ದು ನಿನಗೆ ಗೊತ್ತಿಲ್ಲ. ಹೇಳಬಾರದೆಂದು ಇಷ್ಟು ದಿನ ಹೇಳಿರಲಿಲ್ಲ. ಬೈಯಲಿಲ್ಲ. ಜಗಲಿಯ ಮೇಲೆ ಕೂತರು, ನೀರು ಕೊಟ್ಟರೆ ಮುಟ್ಟಲಿಲ್ಲ. "ನಾನ್ ನಿಮ್ಮನ್ನ ಏನೂ ಅನ್ನಲ್ಲಮ್ಮಾ. ನೀವು ಕೊಟ್ಟೆ ಅಂದ್ರಿ, ಆಮೇಲೆ ವಾಪಸ್ ಇಸ್ಕೊಂಡ್ರಿ. ನಮಗ್ ಗೊತ್ತಾಗ್ದೇ ಇರಬೋದು, ದೇವರಿಗೆ ಗೊತ್ತಾಗಲ್ವಾ?" ಎಂದರು. ಅತ್ತರು. ನನ್ನ ಜೊತೆ ಉಪ್ಪು ಹುಳಿ ಮಾತಾಡಿದ ಹೆಂಗಸೇ ಅವರು, ಪದ್ಮಿ. ಅವರ ಮೇಲೆ ನೀನು ಕೋಪ ಇಟ್ಟುಕೊಳ್ಳಬೇಡ. ಹಬ್ಬದಲ್ಲಿ ನೀನು ಉಂಡ ಆ ಅನ್ನ ನನ್ನ ಕೈಯದು. ಅಷ್ಟು ನನಗೆ ಗೊತ್ತು.

ಈಗ ಮತ್ತೆ ದೇವರು ಕೊಟ್ಟಿದ್ದಾನೆ, ಏಳು ತುಂಬುತ್ತಿದೆ. ಈ ಸಲ ಯಾವ ತಪ್ಪೂ ನಡೆಯಬಾರದು. ಅಷ್ಟು ಮಡಿವಂತೆಯಾದರೆ ಆವತ್ತು ಯಾಕೆ ನೀರು ಬಿಟ್ಟೆ ಎಂದು ನೀನು ಕೇಳಬಹುದು. ನೀನು ಬದುಕಲಿ ಎಂದು ಬಿಟ್ಟೆ. ಬಿಟ್ಟಿದ್ದು ನಿಜವಾಗುತ್ತದೆ ಎಂದು ಗೊತ್ತಿರಲಿಲ್ಲ.

ಗೌನಿಪಲ್ಲಿಗೆ ನಾನೇ ಬಂದು ನಿನಗೆ ಎಣ್ಣೆ ನೀರು ಹಾಕುತ್ತೇನೆ ಎಂದು ತಮ್ಮನನ್ನು ಕೇಳಿದೆ. "ಬ್ಯಾಡಕ್ಕಾ, ನೀನ್ ಬಂದ್ರೆ ಅವಳು ನಿನ್ ಮನೆಗೇ ಬಂದಂಗೆ. ಹೆಚ್ಚು ಕಮ್ಮಿ ಆದ್ರೆ ಮಾಲೂರಿನೋರಿಗೆ ನಾನೇನ್ ಹೇಳ್ಲಿ?" ಎಂದ. ಅನಸೂಯಮ್ಮ ನಿನಗೋಸ್ಕರ ಮಾವಿನ ತೋಟದ ಕಡೆಯ ಕೋಣೆಗೆ ಸುಣ್ಣ ಹೊಡೆಸಿದ್ದಾಳೆ. ಮೂರೂ ಗಂಡುಮಕ್ಕಳೇ ಇರುವ ಮನೆ. "ಶಾಸ್ತ್ರಕ್ಕೆ ಕೊಟ್ಟಿದ್ದು ನೀನು ಅತ್ತಿಗೆ. ನಾನು ನಿಜಕ್ಕೇ ತಗೊಂಡೆ" ಎಂದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವಳದು ಖಾರದ ಕೈ, ಸಾರಿಗೆ ಮೆಣಸಿನಪುಡಿ ಕಡಿಮೆ ಹಾಕು ಎಂದು ನೀನೇ ಬಾಯಿಬಿಟ್ಟು ಕೇಳು, ಸಂಕೋಚ ಬೇಡ. ಬೆನ್ನಿಗೆ ಬಿಸಿನೀರು ಜೋರಾಗಿ ಎರಚಿಸಿಕೋ. ಸೊಂಟ ಕಟ್ಟುವುದನ್ನು ಮರೆಯಬೇಡ.

ಪೂಜೆಗೆ ಕೂತರೆ ವೆಂಕಟರಮಣನನ್ನು ಏನು ಕೇಳಬೇಕೋ ತಿಳಿಯುತ್ತಿಲ್ಲ. ನೀನು ಬರಲಿ ಎಂದು ಕೇಳಿದರೆ ಮಗುವಿಗೆ ಕೇಡು ಕೇಳಿದ ಹಾಗೆ. ಬರದೆ ಇರಲಿ ಎಂದು ಕೇಳಲು ಬಾಯಿ ಏಳುವುದಿಲ್ಲ. ದೀಪ ಹಚ್ಚುತ್ತೇನೆ, ಸುಮ್ಮನೆ ಕೂತು ಏಳುತ್ತೇನೆ. ನಂಬಿದ ದೇವರ ಮುಂದೆ ಕೇಳಲು ಒಂದು ಮಾತೂ ಉಳಿಯದಂಥ ದಿನ ಬರುತ್ತದೆ ಎಂದು ತಿಳಿದಿರಲಿಲ್ಲ.

ತೊಟ್ಟಿಲಿಗೆ ಹಾಕುವ ದಿನ ಕರೆದರೆ ಬರುತ್ತೇನೆ. ಬಂದವರ ಜೊತೆ ಕೂತು, ನೋಡಿ, ಹೊರಡುತ್ತೇನೆ. ಗುರುವಾರ ಮಾತ್ರ ನೀನು ಇಲ್ಲಿಗೆ ಬರಕೂಡದು. ಬಂದರೆ ನಾನು ಬಾಗಿಲು ತೆರೆಯುವುದಿಲ್ಲ. ಕಲ್ಲು ಮನಸ್ಸು ಎಂದು ಬೈದುಕೋ, ಊರಿಗೆಲ್ಲ ಹೇಳಿಕೋ. ಬಾಗಿಲು ತೆರೆಯುವುದಿಲ್ಲ.

ಕದಿರೇಶನಿಗೂ ದೊಡ್ಡಗಂಗಮ್ಮನವರಿಗೂ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಸೋದರತ್ತೆ
ಆದಿಲಕ್ಷ್ಮಮ್ಮ

ಮರೆತದ್ದು: ಬಾಗಿಲು ತೆರೆಯುವುದಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ನಾನು ಮನೆಯಲ್ಲಿದ್ದರೆ ತೆರೆದುಬಿಡುತ್ತೇನೆ. ಅದಕ್ಕೇ ಬುಧವಾರ ಸಂಜೆ ಹಸುವನ್ನೂ ಹುಳವನ್ನೂ ಪಕ್ಕದ ಮನೆಯವರಿಗೆ ಒಪ್ಪಿಸಿ, ಬೀಗ ಹಾಕಿಕೊಂಡು ನಾವಿಬ್ಬರೂ ಹೊರಟುಬಿಡುತ್ತೇವೆ. ಎಲ್ಲಿಗೆ ಎಂದು ಬರೆಯುವುದಿಲ್ಲ, ನೀನು ಅಲ್ಲಿಗೂ ಬಂದೀಯ. ತುಂಬಿದ ಬಸುರಿಯನ್ನು ಬೀಗ ಹಾಕಿದ ಬಾಗಿಲ ಮುಂದೆ ನಿಲ್ಲಿಸುವಂತೆ ಮಾಡಬೇಡ ನನ್ನನ್ನು. ಬುಧವಾರ ಬೆಳಿಗ್ಗೆ ಆಂಜಿನಪ್ಪ ನಿಮ್ಮ ಮನೆ ಹತ್ತಿರ ಗಾಡಿ ನಿಲ್ಲಿಸುತ್ತಾನೆ. ಗೌನಿಪಲ್ಲಿಗೆ ಹೋಗುತ್ತೇನೆ ಎಂದು ಒಂದೇ ಒಂದು ಗೆರೆ ಬರೆದು ಅವನ ಕೈಗೆ ಕೊಡು. ನೀನು ಬರೆಯುವವರೆಗೂ ಅಲ್ಲೇ ಕಾದಿದ್ದು, ತಗೊಂಡೇ ಬಾರಪ್ಪ ಎಂದು ಅವನಿಗೆ ಕೈಮುಗಿದು ಹೇಳಿದ್ದೇನೆ.