ಒಂದು ಗೇಣು ದೂರದ ಬಲ್ಬು

ಭದ್ರಾವತಿ
೧೨-೬-೧೯೩೮

ಚಿರಂಜೀವಿ ಸೌಭಾಗ್ಯವತಿ ಸುವರ್ಣಮ್ಮನಿಗೆ,

ಇಲ್ಲಿ ಎಲ್ಲ ಚೆನ್ನಾಗಿದೆ ಎಂದು ಶುರುಮಾಡಬೇಕಂತೆ. ಚೆನ್ನಾಗಿಲ್ಲ. ಕಾಯಿಲೆಯೇನಲ್ಲ, ಗಾಬರಿಯಾಗಬೇಡ. ನಿನ್ನ ಮದುವೆಯಾಗಿ ಹದಿಮೂರು ತಿಂಗಳಾಯಿತು. ಅಂದಿನಿಂದ ಒಂದು ಸುಳ್ಳು ಗಂಟಲಲ್ಲಿ ಸಿಕ್ಕಿಕೊಂಡಿದೆ. ಅದನ್ನು ಉಗುಳಲು ಈ ಕಾಗದ.

ನಿಮ್ಮವ್ವನ ಸೀತಾಳೆ ಗಿಡದ ವಿಷಯ. ಗಾಜನೂರಿನಲ್ಲಿ ಮುರಿದುಬಿದ್ದ ಕೊಂಬೆಗೆ ಅಂಟಿ ಬೆಳೆದಿದ್ದನ್ನು ಬಿಡಿಸಿ, ಮರದ ತುಂಡಿಗೆ ತೆಂಗಿನ ನಾರಿನಿಂದ ಕಟ್ಟಿ ತಂದಿದ್ದಳು. "ನನ್ನ ಮಗಳು ಮದುವೆ ದಿನ ಇದರ ದಂಡೇನೇ ಮುಡೀಬೇಕು" ಅನ್ನುತ್ತಿದ್ದಳು. ಅವಳು ಹೋದಳು, ಗಿಡ ನಿನ್ನ ಪಾಲಿಗೆ ಬಂತು. ಹೊರಗೆ ತೂಗುಹಾಕಿದರೆ ಕಾರ್ಖಾನೆಯ ಇದ್ದಿಲ ಮಸಿ ಎಲೆಗೆ ಮೆತ್ತುತ್ತದೆ, ಒಳಗೆ ಕತ್ತಲೆ. ಕ್ವಾರ್ಟರ್ಸಿಗೆ ಕರೆಂಟು ಬಂದ ವಾರವೇ ನೀನು ಗಿಡವನ್ನು ಬಲ್ಬಿನ ಕೆಳಗೆ ತೂಗುಹಾಕಿದೆ. ಸೀಮೆಎಣ್ಣೆ ಡಬ್ಬದ ತಗಡು ಕತ್ತರಿಸಿ, ಬೆಳಕೆಲ್ಲ ಎಲೆಯ ಮೇಲೇ ಬೀಳುವಂತೆ ಮರೆ ಕಟ್ಟಿದೆ.

ನಾನು ಸುಮ್ಮನಿದ್ದೆನೇ? "ಸೂರ್ಯ ಏನು ರಜಾ ಹಾಕಿದಾನೇನೆ ಮಾರಾಯ್ತಿ, ಗಿಡಕ್ಕೆ ಲೈಟು ಹಾಕೋಕೆ?" ಎಂದೆ. ನೀನು ಬಿಟ್ಟೆಯಾ? "ನಮ್ಮನೆ ಒಳಗೆ ಅವನು ಯಾವತ್ತು ಡ್ಯೂಟಿಗೆ ಬಂದಿದ್ದ ಅಪ್ಪಯ್ಯ?" ಪಕ್ಕದ ಮನೆಯ ಉಚ್ಚಂಗಮ್ಮ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ದಿನಾ ಸಂಜೆ ನೀನು ಬಲ್ಬಿನ ಕೆಳಗೆ ಅಂಗೈ ಒಡ್ಡಿ ನೋಡುತ್ತಿದ್ದೆ. "ಕೈಗೆ ಬಿಸಿ ಆದ್ರೆ ಎಲೆಗೂ ಬಿಸಿ. ಒಂದು ಗೇಣು ದೂರ ಇರ್ಲಿ." ಮದುವೆಗೆ ಹನ್ನೆರಡು ದಿನವಿದೆ ಅನ್ನುವಾಗ ಮೊಗ್ಗಿನ ಗೊಂಚಲು ಇಳಿದಿತ್ತು, ಅರಳಿರಲಿಲ್ಲ.

ಅವತ್ತು ನೀನು ಬಳೆ ತೊಡಲು ಓಲ್ಡ್ ಟೌನಿಗೆ ಹೋಗಿದ್ದೆ. ನಾನು ಶಿಫ್ಟು ಮುಗಿಸಿ ಬಂದು ಆ ಮೊಗ್ಗನ್ನೇ ನೋಡುತ್ತ ಕುಳಿತೆ. ಕಬ್ಬಿಣ ಬೇಗ ಕರಗಬೇಕಾದರೆ ಉರಿ ಹೆಚ್ಚಿಸಬೇಕು. ಹದಿನಾಲ್ಕು ವರ್ಷ ಕುಲುಮೆಯ ಮುಂದೆ ನಿಂತು ಕಲಿತದ್ದು ಅದೊಂದೇ. ವೈರು ಇಳಿಸಿ ಬಲ್ಬನ್ನು ಮೊಗ್ಗಿಗೆ ನಾಲ್ಕು ಬೆರಳು ಹತ್ತಿರ ತಂದೆ. ನಿನ್ನ ಹಾಗೆ ಅಂಗೈ ಒಡ್ಡಿಯೂ ನೋಡಿದೆ. ಬಿಸಿ ಅನ್ನಿಸಲಿಲ್ಲ. ಸಲಾಕೆ ಹಿಡಿದು ಹಿಡಿದು ದಡ್ಡುಗಟ್ಟಿದ ಕೈ, ಅದಕ್ಕೆಲ್ಲಿ ಬಿಸಿ ತಿಳಿಯಬೇಕು? ಆಗ ಆ ಬುದ್ಧಿ ಬರಲಿಲ್ಲ. ಎದುರುಮನೆಯ ಜಯಪ್ಪನ ಹತ್ತಿರ ಚಪ್ಪರದ ಮಾತಾಡಿ ಬರುವಷ್ಟರಲ್ಲಿ ಗೊಂಚಲು ಕಂದಿಹೋಗಿತ್ತು. ವೈರನ್ನು ಮತ್ತೆ ಮೇಲಕ್ಕೆ ಕಟ್ಟಿಬಿಟ್ಟೆ. ಹೆದರಿ ಕಟ್ಟಿದೆ.

ನೀನು ಬಂದು ನೋಡಿ ಅಳತೊಡಗಿದೆ. ನಾನು ಬಾಯಿ ಮಾಡಿದೆ: "ಅವ್ವನ ಗಿಡ ಸುಟ್ಟಲ್ಲೇ! ಬೇಡ ಅಂದಿದ್ನೋ ಇಲ್ವೋ ಈ ಲೈಟಿನ ಹುಚ್ಚು?" ಎಂದೂ ಎದುರುತ್ತರ ಕೊಡದೆ ಬಿಟ್ಟವಳಲ್ಲ ನೀನು. ಅವತ್ತು ಕೊಡಲಿಲ್ಲ. ಮಲ್ಲಿಗೆ ಮುಡಿದು ಧಾರೆಗೆ ಕೂತೆ. ಶಿವಮೊಗ್ಗಕ್ಕೆ ಹೊರಡುವಾಗ ಕಾಲಿಗೆ ಬಿದ್ದು, "ತಪ್ಪಾಯ್ತು ಅಪ್ಪಯ್ಯ" ಎಂದೆ. ಆಗಲೂ ನಾನು ಬಾಯಿ ಬಿಡಲಿಲ್ಲ.

ಸುಟ್ಟವನು ನಾನು. ನೀನಲ್ಲ. ಇನ್ನೊಂದು ಸಲ ಓದಿಕೋ. ನಿನ್ನ ಗಂಡನಿಗೂ ಓದಿ ಹೇಳು.

ಗಿಡ ಸತ್ತಿಲ್ಲ. ಈಗ ನಾನೇ ಸಂಜೆ ಸ್ವಿಚ್ಚು ಹಾಕುತ್ತೇನೆ, ಉಂಡ ಮೇಲೆ ಆರಿಸುತ್ತೇನೆ. ಈ ವರ್ಷ ಹೂ ಬಿಡಲಿಲ್ಲ. ಒಂದು ಹೊಸ ಬೇರು ಬಂದಿದೆ, ತುದಿ ಹಸಿರಾಗಿದೆ. ಒಂದು ಗೇಣು ಅಂದೆಯಲ್ಲ, ನಿನ್ನ ಗೇಣೋ ನನ್ನ ಗೇಣೋ, ಕೇಳಿಟ್ಟುಕೊಳ್ಳಲಿಲ್ಲ. ಅದಕ್ಕೇ ದಿನಾ ಉಚ್ಚಂಗಮ್ಮನನ್ನು ಕರೆದು ಬಲ್ಬಿನ ಕೆಳಗೆ ಕೈ ಒಡ್ಡಿಸುತ್ತೇನೆ. ಬೈಯುವುದಕ್ಕಾದರೂ ಒಮ್ಮೆ ಬಾ. ಬಂದು ನಿನ್ನ ಕೈ ಒಡ್ಡಿ ನೋಡು. ಬಾರದಿದ್ದರೂ ತಪ್ಪು ನಿನ್ನದಲ್ಲ.

ಬಿಸಿ ತಿಳಿಯದ ಈ ಕೈಯನ್ನೇ ನಿನ್ನ ತಲೆಯ ಮೇಲಿಟ್ಟು ಹರಸುವ,

ನಿಮ್ಮಪ್ಪ
ಹೊನ್ನಯ್ಯ