ಸರೋವರದ ಮೀನು ತಿನ್ನಬಹುದೇ?

ಮಾರ್ಚ್ ೭, ಮಂಗಳವಾರ

ನಿದ್ದೆ ಹತ್ತುತ್ತಿಲ್ಲ. ಮೀನು ತಿನ್ನಬಹುದೋ ಬಾರದೋ, ಇಷ್ಟೇ ಕೇಳಲು ಊರಿಗೆ ಊರೇ ಸಭಾಭವನದಲ್ಲಿ ಸೇರಿತ್ತು. ಉತ್ತರ ಸಿಗಲಿಲ್ಲ.

ನಮ್ಮ ಸರೋವರಕ್ಕೆ ಹರಿದು ಬರುವ ಅಥಾಬಾಸ್ಕಾ ನದಿಯ ಮೇಲ್ಭಾಗದಲ್ಲಿ, ಮರಳಿನಿಂದ ಎಣ್ಣೆ ತೆಗೆಯುವ ಗಣಿಯ ಕೊಳಚೆ ಹೊಂಡ ಕಳೆದ ವಸಂತದಿಂದಲೇ ಸೋರುತ್ತಿದೆಯಂತೆ. ಕಂಪನಿಗೂ ಗೊತ್ತಿತ್ತು, ಅದರ ಮೇಲೆ ಕಣ್ಣಿಡಬೇಕಾದ ಇಲಾಖೆಗೂ ಗೊತ್ತಿತ್ತು. ನಮಗೆ ತಿಳಿಸಿದ್ದು ಇಂದು.

"ನದಿಗೆ ಸೇರಿದೆ ಅನ್ನೋದಕ್ಕೆ ಪುರಾವೆ ಇಲ್ಲ," ಎಂದ ಇಲಾಖೆಯ ಅಧಿಕಾರಿ.

ಅತ್ತೆ ಫಿಲೊಮೆನ್ ಎದ್ದು ನಿಂತರು. "ಸೇರಿಲ್ಲ ಅನ್ನೋದಕ್ಕೆ ಇದೆಯೇನಪ್ಪಾ?"

ಅವನು ತಾನು ತಂದಿದ್ದ ಬಾಟಲಿಯಿಂದ ನೀರು ಕುಡಿದ.

ನನ್ನ ಗಂಡ ಆಂಬ್ರೋಸ್ ಅದೇ ಗಣಿಯಲ್ಲಿ ಲಾರಿ ಓಡಿಸುವವನು. ಸಭೆಯಲ್ಲಿ ತಲೆಯೆತ್ತಲಿಲ್ಲ. ನಾಳೆ ಮತ್ತೆ ಅಲ್ಲಿಗೇ ಹೋಗಬೇಕು. ಸಭೆ ಮುಗಿದ ಮೇಲೆ ಸಂಜೆ ಹೋಗಿ, ಸರೋವರದ ಮಂಜುಗಡ್ಡೆಯ ಕೆಳಗೆ ಹಾಕಿದ್ದ ಬಲೆಯನ್ನು ಎಳೆದು ತಂದ. ಬಿಳಿಮೀನು ತುಂಬಿತ್ತು.

"ನಾಯಿಗಳಿಗೆ ಹಾಕೋಣ್ವಾ?" ಎಂದೆ.

"ಅವೇನು ಪಾಪ ಮಾಡಿದ್ವು?" ಎಂದ.

ಮೀನೆಲ್ಲ ಹೊರಗೇ ಹೆಪ್ಪುಗಟ್ಟಿ ಬಿದ್ದಿವೆ.

ಊಟಕ್ಕೆ ಡಬ್ಬಿಯ ಮಾಂಸ ಬಡಿಸಿದೆ. ಮಗಳು ನೋಯೆಲಾ ತಟ್ಟೆ ಮುಟ್ಟಲಿಲ್ಲ. ಅವಳೀಗ ಏಳು ತಿಂಗಳ ಬಸುರಿ.

"ಅಮ್ಮಾ, ಚಳಿಗಾಲವೆಲ್ಲ ನಂಗೆ ಮೀನೇ ತಿನ್ನಿಸಿದ್ಯಲ್ಲ," ಅಂದಳು.

ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಬೈದಿದ್ದರೇ ವಾಸಿಯಿತ್ತು. ಬಸುರಿಗೆ ಒಳ್ಳೆಯದೆಂದು ಕೊಬ್ಬಿನ ಭಾಗವನ್ನೆಲ್ಲ ಅವಳಿಗೇ ಎತ್ತಿಡುತ್ತಿದ್ದೆ.

ಆಮೇಲೆ ನನ್ನ ಕೈ ಹಿಡಿದು ಹೊಟ್ಟೆಯ ಮೇಲಿಟ್ಟುಕೊಂಡಳು. ಮಗು ಒದೆಯುತ್ತಿತ್ತು. ಬೇರೆ ದಿನವಾಗಿದ್ದರೆ ನಗುತ್ತಿದ್ದೆವು. ಇಂದು ಇಬ್ಬರೂ ಉಸಿರು ಬಿಗಿಹಿಡಿದು ಇನ್ನೊಂದು ಒದೆತಕ್ಕೆ ಕಾದೆವು. ಬಂತು. ಮತ್ತೂ ಒಂದು ಬಂತು. ಆದರೂ ಕೈ ತೆಗೆಯಲು ನನಗೆ ಧೈರ್ಯವಾಗಲಿಲ್ಲ.